ಕಾರಟಗಿಯ ಅಕ್ಕಿಗಿರಣಿಗಳಲ್ಲಿ ಕೆಲಸಗಾರರ ಕ್ಷೇಮ: ಯಾವುದನ್ನು ಎಣಿಸತಕ್ಕದ್ದು?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯಲಾರಂಭಿಸಿದಂದಿನಿಂದ ಕಾರಟಗಿ ಸೀಮೆಯ ಖುಷ್ಕಿ ನೆಲವು ತರಿಯಾಗಿ, ಜೋಳ ಸಜ್ಜೆಗಳು ಬೆಳೆಯುತ್ತಿದ್ದ ಕಡೆ ಭತ್ತವು ನೆಲೆಯೂರಿರುವುದು ಎಲ್ಲರೂ ಬಲ್ಲ ಸಂಗತಿಯು. ಭತ್ತದ ಹಿಂದೆಯೇ ಅಕ್ಕಿಗಿರಣಿಗಳು ಬಂದವು. ಗಿರಣಿಗಳ ಹಿಂದೆ ಹಮಾಲರು, ಯಂತ್ರ ನಡೆಸುವವರು, ಬಾಯ್ಲರಿನ ಬೆಂಕಿ ನೋಡುವವರು, ಅಂಗಳ ಗುಡಿಸುವ ಹೆಂಗಸರು, ಸುಗ್ಗಿಯ ಕಾಲಕ್ಕೆ ದೂರದ ಸೀಮೆಗಳಿಂದ ಬರುವ ಕೂಲಿಕಾರರು, ಹೀಗೆ ದೊಡ್ಡ ಜನಸಮೂಹವು ಈ ಒಂದು ಧಾನ್ಯವನ್ನು ನಂಬಿಕೊಂಡು ಬಾಳುತ್ತಿದೆ.

ಗಿರಣಿಯ ಕಛೇರಿಯಲ್ಲಿ ಲೆಕ್ಕಕ್ಕೆ ಕೊರತೆಯಿಲ್ಲ. ಬಂದ ಭತ್ತದ ಚೀಲಗಳೆಷ್ಟು, ತೇವವೆಷ್ಟು, ಇಳಿದ ಅಕ್ಕಿಯೆಷ್ಟು, ನುಚ್ಚೆಷ್ಟು, ತೌಡೆಷ್ಟು, ಉರಿದ ಉಮಿಯೆಷ್ಟು ಎಂಬುದು ದಿನದಿನವೂ ಪುಸ್ತಕಕ್ಕೆ ಏರುತ್ತದೆ. ಕ್ವಿಂಟಲಿಗೆ ಒಂದು ಕಿಲೋಗ್ರಾಂ ಅಕ್ಕಿ ಕಡಿಮೆ ಇಳಿದರೂ ಅದೇ ಸಂಜೆ ಕಾರಣವನ್ನು ಹುಡುಕಲಾಗುತ್ತದೆ. ಆದರೆ ಬೆಳಿಗ್ಗೆ ಬಾಗಿಲೊಳಗೆ ಬಂದ ಕೆಲಸಗಾರರೆಲ್ಲರೂ ಕೈಕಾಲುಗಳೊಡನೆ ಮನೆಗೆ ಮರಳುವರೆಂಬ ಭರವಸೆಯನ್ನು ಕೊಡಬಲ್ಲ ಲೆಕ್ಕವನ್ನು ಇಟ್ಟಿರುವ ಗಿರಣಿಗಳು ವಿರಳ. ಕೆಲವೆಡೆ ಬಾಗಿಲ ಬಳಿ ಹಲಗೆಯೊಂದನ್ನು ತೂಗುಹಾಕಿ “ಅಪಘಾತವಿಲ್ಲದ ದಿನಗಳು” ಎಂದು ಅಂಕೆಯನ್ನು ಬರೆಯುವ ರೂಢಿಯುಂಟು. ಈ ಅಂಕೆಯು ನೋಡಲು ಚೆನ್ನಾಗಿದ್ದರೂ ತಿಳಿಸುವುದು ಅತ್ಯಲ್ಪ. ಅದು ಏಕೆ ಅಲ್ಪವೆಂಬುದನ್ನೂ, ಅದರೊಡನೆ ಬೇರೆ ಯಾವುದನ್ನು ಎಣಿಸಬೇಕೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ರಾಶಿಯ ಅಳತೆಯೂ ಬೆಳೆಯ ಅಳತೆಯೂ

ಬೇಸಾಯಗಾರನಿಗೆ ಈ ವಿಷಯವು ಹೊಸದಲ್ಲ. ಸುಗ್ಗಿಯ ನಂತರ ಎಕರೆಗೆ ಎಷ್ಟು ಚೀಲವಾಯಿತೆಂಬುದು ಒಂದು ಅಳತೆ. ಅದು ಸತ್ಯವಾದ ಅಳತೆಯೂ ಹೌದು. ಆದರೆ ಆ ಅಂಕೆಯು ಕೈಗೆ ಬರುವ ಹೊತ್ತಿಗೆ ಬೆಳೆಗೆ ಮಾಡಬಹುದಾದುದೇನೂ ಉಳಿದಿರುವುದಿಲ್ಲ. ಆದಕಾರಣ ಬುದ್ಧಿವಂತನಾದ ರೈತನು ರಾಶಿಯಾಗುವವರೆಗೆ ಕಾದು ಕೂರದೆ, ನಾಟಿಯಾದ ಮೇಲೆ ಬುಡಕ್ಕೆಷ್ಟು ತೆಂಡೆ ಒಡೆದಿದೆ, ಗರಿಯ ಬಣ್ಣ ಹೇಗಿದೆ, ಗದ್ದೆಯಲ್ಲಿ ನೀರು ಎಷ್ಟು ನಿಂತಿದೆ, ಬುಡವನ್ನು ತಟ್ಟಿದರೆ ಕಂದು ಜಿಗಿಹುಳುಗಳು ಎಷ್ಟು ಬೀಳುತ್ತವೆ ಎಂದು ಆಗಾಗ್ಗೆ ನೋಡುತ್ತಾನೆ. ಇವು ಮುಂದಾಗುವುದನ್ನು ಮೊದಲೇ ತಿಳಿಸುವ ಗುರುತುಗಳು; ತಿದ್ದಲು ಕಾಲವಿರುವಾಗಲೇ ಕಾಣುವ ಗುರುತುಗಳು.

ಕೆಲಸದ ಸ್ಥಳದ ಕ್ಷೇಮಕ್ಕೂ ಇದೇ ನ್ಯಾಯವು ಅನ್ವಯಿಸುತ್ತದೆ. ಗಾಯ, ರೋಗ, ಮರಣಗಳ ಎಣಿಕೆಯು ರಾಶಿಯ ಅಳತೆ. ಪಟ್ಟಾಗಳಿಗೆ ಕಾಪು ಇದೆಯೇ, ಚೀಲಗಳ ನಿಟ್ಟು ನೆಟ್ಟಗಿದೆಯೇ, ಧೂಳು ಎಷ್ಟು ಕೂತಿದೆ ಎಂಬುವು ಬೆಳೆಯ ಅಳತೆಗಳು. ಮೊದಲನೆಯದನ್ನು ಹಿಂಸೂಚಕವೆಂದೂ ಎರಡನೆಯದನ್ನು ಮುನ್ಸೂಚಕವೆಂದೂ ಕರೆಯಬಹುದು. ಎರಡೂ ಬೇಕು. ಆದರೆ ಮೊದಲನೆಯದನ್ನು ಮಾತ್ರ ಇಟ್ಟುಕೊಂಡವನು ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನಂತೆ ಆಗುತ್ತಾನೆ.

ಗಾಯಗಳ ಎಣಿಕೆಯಲ್ಲಿರುವ ದೋಷಗಳು

ಕೈಗಾರಿಕೆಗಳಲ್ಲಿ ಗಾಯಗಳನ್ನು ಹೋಲಿಸುವುದಕ್ಕೆ ಭಾರತೀಯ ಮಾನಕ ಸಂಸ್ಥೆಯು 3786ನೆಯ ಸಂಖ್ಯೆಯ ಮಾನಕದಲ್ಲಿ ಒಂದು ಕ್ರಮವನ್ನು ಗೊತ್ತುಮಾಡಿದೆ. ಕೆಲಸ ತಪ್ಪುವಷ್ಟು ದೊಡ್ಡದಾದ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ಎಲ್ಲ ಕೆಲಸಗಾರರು ದುಡಿದ ಒಟ್ಟು ಗಂಟೆಗಳಿಂದ ಭಾಗಿಸಿದರೆ ಬರುವುದು ಗಾಯಗಳ ಪ್ರಮಾಣ. ಇದಲ್ಲದೆ ನಷ್ಟವಾದ ದಿನಗಳ ಲೆಕ್ಕವೂ ಉಂಟು. ಅದರಲ್ಲಿ ಒಂದು ಮರಣವನ್ನು 6000 ಮನುಷ್ಯದಿನಗಳ ನಷ್ಟವೆಂದು ಹಿಡಿಯಲಾಗುತ್ತದೆ. ಸಾವಿರಾರು ಜನರು ದುಡಿಯುವ ದೊಡ್ಡ ಕಾರ್ಖಾನೆಗಳಿಗೆ ಈ ಲೆಕ್ಕವು ಯುಕ್ತವಾದುದು. ಸಣ್ಣ ಗಿರಣಿಗೆ ಅದನ್ನು ಹಾಕಿ ನೋಡಿದರೆ ಏನಾಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಒಂದು ಗಿರಣಿಯಲ್ಲಿ 30 ಜನರು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿಯುತ್ತಾರೆಂದು ಇಟ್ಟುಕೊಳ್ಳೋಣ. ಒಟ್ಟು 72,000 ಗಂಟೆಗಳಾದುವು. ಆ ವರ್ಷ ಒಬ್ಬನಿಗೆ ಗಾಯವಾದರೆ ಪ್ರಮಾಣವು ಸುಮಾರು 13.9, ಯಾರಿಗೂ ಆಗದಿದ್ದರೆ ಸೊನ್ನೆ. ನಡುವೆ ಬೇರೆ ಅಂಕೆಯೇ ಇಲ್ಲ. ಆ ಗಿರಣಿಯ ನಿಜಸ್ಥಿತಿಯು ಸರಾಸರಿ ಎರಡು ವರ್ಷಕ್ಕೊಂದು ಗಾಯವಾಗುವಂಥದಾಗಿದ್ದರೆ, ಯಾವ ಸುಧಾರಣೆಯನ್ನು ಮಾಡದೆ ಇದ್ದರೂ ಹತ್ತರಲ್ಲಿ ಸುಮಾರು ಆರು ವರ್ಷಗಳು ಗಾಯವಿಲ್ಲದೆಯೇ ಕಳೆಯುತ್ತವೆಂದು ಗಣಿತಶಾಸ್ತ್ರವು ತಿಳಿಸುತ್ತದೆ. ಮಾಲೀಕನು ಆ ವರ್ಷಗಳಲ್ಲಿ ತನ್ನ ಗಿರಣಿಯು ಕ್ಷೇಮವಾಗಿದೆಯೆಂದು ಸಂತೋಷಪಡುತ್ತಾನೆ. ಆದರೆ ತೆರೆದ ಪಟ್ಟಾ ತೆರೆದೇ ಇರುತ್ತದೆ. ಇದು ಮೊದಲನೆಯ ದೋಷವು.

ಎರಡನೆಯ ದೋಷವು ಮರೆಮಾಚುವಿಕೆ. ಗಾಯವಿಲ್ಲದ ತಿಂಗಳಿಗೆ ಬಹುಮಾನವನ್ನು ಕೊಟ್ಟರೆ, ಅಥವಾ ಗಾಯವಾದಾಗ ಮುಕಾದಮನನ್ನು ಬೈದರೆ, ಗಾಯಗಳು ಕಡಿಮೆಯಾಗುವುದಕ್ಕೆ ಮೊದಲು ಗಾಯಗಳ ವರದಿಯು ಕಡಿಮೆಯಾಗುತ್ತದೆ. ಬೆರಳು ಜಜ್ಜಿದವನು ಬಟ್ಟೆ ಸುತ್ತಿಕೊಂಡು ಸುಮ್ಮನಿರುತ್ತಾನೆ. ಇಲ್ಲವೆ “ಮನೆಯಲ್ಲಿ ಬಿದ್ದೆ” ಎಂದು ಆಸ್ಪತ್ರೆಯಲ್ಲಿ ಹೇಳುತ್ತಾನೆ.

ಮೂರನೆಯದು ಎಣಿಕೆಯೊಳಗೆ ಸೇರದವರ ವಿಷಯ. ಚೀಲ ಹೊರುವ ಹಮಾಲರು ಅನೇಕ ಕಡೆ ಗಿರಣಿಯ ಹಾಜರಿ ಪುಸ್ತಕದಲ್ಲಿಲ್ಲ. ಅವರು ಚೀಲದ ಲೆಕ್ಕದ ಮೇಲೆ ಕೂಲಿ ಪಡೆಯುವವರು. ಲಾರಿಯವನು, ಯಂತ್ರ ದುರಸ್ತಿಗೆ ಬಂದವನು, ಗುತ್ತಿಗೆದಾರನು ಕರೆತಂದ ಹುಡುಗನು ಇವರೂ ಹಾಗೆಯೇ. ಅತ್ಯಂತ ಅಪಾಯದ ಕೆಲಸವನ್ನು ಮಾಡುವವರು ಲೆಕ್ಕದ ಹೊರಗೆ ಉಳಿದರೆ ಆ ಲೆಕ್ಕಕ್ಕೆ ಬೆಲೆಯೇನು?

ನಾಲ್ಕನೆಯ ದೋಷವು ಎಲ್ಲಕ್ಕಿಂತ ದೊಡ್ಡದು. ಸಣ್ಣ ಗಾಯಗಳ ಎಣಿಕೆಯು ದೊಡ್ಡ ಅನಾಹುತವನ್ನು ಮುಂತಿಳಿಸಲಾರದು. ವಿಮಾ ಸಂಸ್ಥೆಯೊಂದರಲ್ಲಿದ್ದ ಹೈನ್‌ರಿಚ್ ಎಂಬ ಅಮೆರಿಕದವನು 1931ರಲ್ಲಿ, ಒಂದು ದೊಡ್ಡ ಗಾಯಕ್ಕೆ 29 ಚಿಕ್ಕ ಗಾಯಗಳೂ ಗಾಯವಾಗದೆ ಹೋದ 300 ಪ್ರಸಂಗಗಳೂ ಇರುತ್ತವೆಂದು ಬರೆದನು. ತಪ್ಪಿಹೋದ ಪ್ರಸಂಗಗಳನ್ನು ಗಮನಿಸಬೇಕೆಂಬ ಅವನ ಮಾತು ಇಂದಿಗೂ ಉಪಯುಕ್ತವೇ. ಆದರೆ ಆ ಪ್ರಮಾಣವು ಎಲ್ಲ ಕೆಲಸಗಳಿಗೂ ಒಪ್ಪುವುದಿಲ್ಲವೆಂದು ಮುಂದಿನವರು ತೋರಿಸಿದ್ದಾರೆ. ಸೂಜಿ ಚುಚ್ಚಿಕೊಳ್ಳುವುದಕ್ಕೆ ಕಾರಣ ಬೇರೆ, ಬಾಯ್ಲರು ಸಿಡಿಯುವುದಕ್ಕೆ ಕಾರಣ ಬೇರೆ. ಒಂದನ್ನು ತಗ್ಗಿಸಿದ ಮಾತ್ರಕ್ಕೆ ಇನ್ನೊಂದು ತಗ್ಗುವುದಿಲ್ಲ. ಅಮೆರಿಕದ ಟೆಕ್ಸಾಸ್ ಸಿಟಿ ಎಂಬಲ್ಲಿನ ತೈಲ ಶುದ್ಧೀಕರಣಾಗಾರದಲ್ಲಿ 2005ರ ಮಾರ್ಚ್ 23ರಂದು ಸ್ಫೋಟವಾಗಿ 15 ಜನರು ಮಡಿದರು. ಅನಂತರ ವಿಚಾರಣೆ ನಡೆಸಿ 2007ರ ಜನವರಿಯಲ್ಲಿ ವರದಿಯನ್ನೊಪ್ಪಿಸಿದ ಜೇಮ್ಸ್ ಬೇಕರ್ ಅಧ್ಯಕ್ಷತೆಯ ಸಮಿತಿಯು, ಕೆಲಸಗಾರರ ಸಣ್ಣ ಗಾಯಗಳ ಪ್ರಮಾಣವು ಇಳಿಯುತ್ತಿದ್ದುದನ್ನೇ ನೋಡಿ ಯಂತ್ರಸ್ಥಾವರಗಳೂ ಸುಸ್ಥಿತಿಯಲ್ಲಿವೆಯೆಂದು ಆಡಳಿತದವರು ತಪ್ಪಾಗಿ ಭಾವಿಸಿದ್ದರೆಂದು ತಿಳಿಸಿತು.

ಅಷ್ಟು ದೂರಕ್ಕೆ ಹೋಗಬೇಕಾದುದಿಲ್ಲ. ಕಾರಟಗಿಯ ಗದ್ದೆಗಳಿಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋಯಿತು. ಸುಮಾರು ಏಳು ದಶಕಗಳ ಕಾಲ ಗೇಟುಗಳು ಹಾಗೆ ಹೋದುದಿಲ್ಲವೆಂಬ ಲೆಕ್ಕವು ಆ ರಾತ್ರಿಯವರೆಗೂ ನಿಜವಾಗಿಯೇ ಇತ್ತು. ಆದರೆ ಹಿಂದಿನ ವರ್ಷಗಳ ಎಣಿಕೆಯು ಸರಪಳಿಯ ಕೊಂಡಿಯು ಎಷ್ಟು ಸವೆದಿದೆಯೆಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲುದು ಕೊಂಡಿಯ ಅಳತೆಯೊಂದೇ. ಗಿರಣಿಯಲ್ಲಿಯೂ ಎಣಿಸಬೇಕಾದುದು ಕೊಂಡಿಗಳನ್ನು.

ಒಳ್ಳೆಯ ಸೂಚಕದ ಲಕ್ಷಣಗಳು

ಎಣಿಸಬಹುದಾದ ವಸ್ತುಗಳು ನೂರಾರಿವೆ. ಅವುಗಳಲ್ಲಿ ಐದಾರನ್ನು ಮಾತ್ರ ಆರಿಸಿಕೊಳ್ಳುವುದು ಜಾಣತನವು. ಆರಿಸುವಾಗ ಈ ಕೆಳಗಿನ ಲಕ್ಷಣಗಳನ್ನು ನೋಡತಕ್ಕದ್ದು.

1. ಸೂಚಕವು ಪ್ರಾಣಕ್ಕೋ ಅಂಗಕ್ಕೋ ಹಾನಿ ಮಾಡಬಲ್ಲ ಅಪಾಯಕ್ಕೆ ನೇರವಾಗಿ ಸಂಬಂಧಿಸಿರಬೇಕು. ಅಲ್ಲಿ ಯಾವುದು ಮನುಷ್ಯನನ್ನು ಕೊಲ್ಲಬಹುದು ಎಂಬ ಪ್ರಶ್ನೆಯಿಂದಲೇ ಆಯ್ಕೆಯು ಆರಂಭವಾಗಬೇಕು.

2. ಇಬ್ಬರು ಬೇರೆ ಬೇರೆಯಾಗಿ ಎಣಿಸಿದರೂ ಒಂದೇ ಅಂಕೆ ಬರಬೇಕು. “ಶಿಸ್ತು ಚೆನ್ನಾಗಿದೆ” ಎಂಬುದು ಸೂಚಕವಲ್ಲ. “24 ಪಟ್ಟಾಗಳಲ್ಲಿ 18ಕ್ಕೆ ಕಾಪು ಇದೆ” ಎಂಬುದು ಸೂಚಕ.

3. ಅಂಕೆಯು ಕೆಟ್ಟದಾಗಿ ಬಂದಾಗ ಅದನ್ನು ಸರಿಪಡಿಸುವ ಶಕ್ತಿಯು ಅದೇ ಗಿರಣಿಯವರ ಕೈಯಲ್ಲಿರಬೇಕು.

4. ಸುಳ್ಳು ಬರೆಯುವುದರಿಂದ ಯಾರಿಗೂ ಲಾಭವಿರಬಾರದು; ಬರೆದರೂ ಮರುದಿನವೇ ಕಣ್ಣಿಗೆ ಕಾಣುವಂತಿರಬೇಕು.

5. ಮಾಡಿದ ಗದ್ದಲವನ್ನಲ್ಲ, ಆದ ಫಲವನ್ನು ಅಳೆಯುವಂತಿರಬೇಕು. ಹಂಚಿದ ಮುಖಕವಚಗಳೆಷ್ಟು, ನಡೆಸಿದ ಸಭೆಗಳೆಷ್ಟು, ಅಂಟಿಸಿದ ಭಿತ್ತಿಪತ್ರಗಳೆಷ್ಟು ಎಂಬ ಲೆಕ್ಕಗಳು ಸುಲಭವಾಗಿ ಏರುತ್ತವೆ. ಧೂಳು ಮಾತ್ರ ಇದ್ದಲ್ಲಿಯೇ ಇರುತ್ತದೆ.

6. ಆ ಕೆಲಸವನ್ನು ಮಾಡುವವನಿಗೆ ಅದು ಅರ್ಥವಾಗಬೇಕು. ಎಲ್ಲಿ ಕಾಲು ಜಾರುತ್ತದೆ, ಯಾವ ನಿಟ್ಟು ವಾಲಿದೆ ಎಂಬುದು ಹಮಾಲನಿಗೆ ಗೊತ್ತಿರುವಷ್ಟು ಕಛೇರಿಯವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಆಯ್ಕೆಯಲ್ಲಿ ಅವನ ಮಾತಿಗೆ ಸ್ಥಾನವಿರಬೇಕು.

ಗಿರಣಿಗೆ ತಕ್ಕ ಸೂಚಕಗಳು

ತಿರುಗುವ ಭಾಗಗಳು: ಪಟ್ಟಾ, ಚಕ್ರ, ಹಲ್ಲುಗಾಲಿ, ಭತ್ತವನ್ನು ಮೇಲೇರಿಸುವ ಎಲಿವೇಟರು ಇವುಗಳಿಗೆ ಸಿಕ್ಕ ಧೋತರದ ಚುಂಗೂ ಸೀರೆಯ ಸೆರಗೂ ಮನುಷ್ಯನನ್ನು ಎಳೆದುಕೊಳ್ಳುವುದು ಕಣ್ಣೆವೆ ಮುಚ್ಚುವಷ್ಟರಲ್ಲಿ. ಮೊದಲು ಗಿರಣಿಯಲ್ಲಿ ಕಾಪು ಇರಬೇಕಾದ ಜಾಗಗಳನ್ನೆಲ್ಲ ಎಣಿಸಿ ಪ್ರತಿಯೊಂದಕ್ಕೂ ಬಣ್ಣದಿಂದ ಸಂಖ್ಯೆಯನ್ನು ಬರೆಯಬೇಕು. ಅನಂತರ ಯಂತ್ರಗಳು ನಡೆಯುತ್ತಿರುವಾಗಲೇ ಸುತ್ತಿ ಬಂದು, ಕಾಪು ತನ್ನ ಸ್ಥಾನದಲ್ಲಿರುವ ಜಾಗಗಳು ಶೇಕಡ ಎಷ್ಟೆಂದು ಬರೆಯಬೇಕು. ಗೋಡೆಗೆ ಒರಗಿಸಿಟ್ಟ ಕಾಪನ್ನು ಎಣಿಸಕೂಡದು. ಇದರೊಡನೆ ಮತ್ತೊಂದು ಅಂಕೆ ಬೇಕು: ಆ ತಿಂಗಳು ಮಾಡಿದ ದುರಸ್ತಿಗಳಲ್ಲಿ ವಿದ್ಯುತ್ತನ್ನು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ದುರಸ್ತಿ ಮಾಡುವವನ ಜೇಬಿನಲ್ಲಿಟ್ಟುಕೊಂಡು ಮಾಡಿದವು ಎಷ್ಟು? ಯಂತ್ರದೊಳಗೆ ಕೈಯಿಟ್ಟಿರುವಾಗ ಇನ್ನೊಬ್ಬನು ತಿಳಿಯದೆ ಸ್ವಿಚ್ಚನ್ನು ಒತ್ತುವುದರಿಂದ ಆಗುವ ಅನಾಹುತವು ಈ ಒಂದು ಬೀಗದಿಂದ ತಪ್ಪುತ್ತದೆ.

ನಿಟ್ಟುಗಳೂ ಶೇಖರಣೆಯ ಕಣಜಗಳೂ: ವಿಜಯಪುರದ ಅಲಿಯಾಬಾದ ಕೈಗಾರಿಕಾ ಪ್ರದೇಶದ ಧಾನ್ಯ ಸಂಸ್ಕರಣ ಘಟಕವೊಂದರಲ್ಲಿ 2023ರ ಡಿಸೆಂಬರ್ 4ರ ಸಂಜೆ ಮೆಕ್ಕೆಜೋಳದ ಶೇಖರಣಾ ಘಟಕವು ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ ಏಳು ಜನರು ಧಾನ್ಯದಡಿಯಲ್ಲಿ ಸಿಕ್ಕಿ ಪ್ರಾಣಬಿಟ್ಟರು. ಧಾನ್ಯವು ಮೃದುವಾದ ವಸ್ತುವೆಂಬ ಭಾವನೆಯು ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎದೆಯವರೆಗೆ ಭತ್ತದಲ್ಲಿ ಹೂತುಹೋದವನನ್ನು ಇಬ್ಬರು ಮೂವರು ಕೂಡಿ ಎಳೆದರೂ ಮೇಲೆತ್ತಲಾಗುವುದಿಲ್ಲ. ಗೋದಾಮಿನಲ್ಲಿರುವ ಒಟ್ಟು ನಿಟ್ಟುಗಳಲ್ಲಿ ವಾಲಿದವೆಷ್ಟು, ಗೊತ್ತುಮಾಡಿದ ಎತ್ತರವನ್ನು ಮೀರಿದವೆಷ್ಟು, ಚೀಲಗಳನ್ನು ಅಡ್ಡಉದ್ದವಾಗಿ ಕಟ್ಟದೆ ಒಂದರ ಮೇಲೊಂದು ಹೇರಿದವೆಷ್ಟು ಎಂಬುದನ್ನು ವಾರಕ್ಕೊಮ್ಮೆ ಎಣಿಸುವುದು ಹತ್ತು ನಿಮಿಷದ ಕೆಲಸ. ಕಣಜಗಳ ವಿಷಯದಲ್ಲಿ, ಕಂಬ ಬೆಸುಗೆ ಬುನಾದಿಗಳನ್ನು ಬಲ್ಲ ಎಂಜಿನಿಯರರಿಂದ ಗೊತ್ತಾದ ಅವಧಿಯೊಳಗೆ ಪರೀಕ್ಷೆ ಮಾಡಿಸಿದವು ಎಷ್ಟರಲ್ಲಿ ಎಷ್ಟೆಂಬುದೂ, ಕೆಳಗಿನ ಬಾಯಿಯನ್ನು ಮುಚ್ಚಿ, ಹಗ್ಗ ಕಟ್ಟಿ, ಹೊರಗೊಬ್ಬನನ್ನು ನಿಲ್ಲಿಸಿ ಒಳಗಿಳಿದ ಪ್ರಸಂಗಗಳು ಎಷ್ಟರಲ್ಲಿ ಎಷ್ಟೆಂಬುದೂ ಸಾಕು.

ಹೊರೆ: ಈ ಭಾಗದಲ್ಲಿ ಭತ್ತದ ವ್ಯಾಪಾರವು 75 ಕಿಲೋಗ್ರಾಂ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರ ತನ್ನ 128ನೆಯ ಶಿಫಾರಸ್ಸಿನಲ್ಲಿ, ವಯಸ್ಕನಾದ ಗಂಡಸು ಹೊರುವ ಭಾರವು 55 ಕಿಲೋಗ್ರಾಂ ಮೀರಿರುವ ಕಡೆ ಅದನ್ನು ತಗ್ಗಿಸುವ ಏರ್ಪಾಡು ಆಗಬೇಕೆಂದು ಹೇಳಿದೆ. ಒಬ್ಬ ಹಮಾಲನು ಸುಗ್ಗಿಯ ದಿನ 200 ಚೀಲಗಳನ್ನು ಹೊತ್ತನೆಂದರೆ ಅವನ ಬೆನ್ನ ಮೇಲೆ ಹಾದುಹೋದುದು 15 ಟನ್ನು. ನಲವತ್ತನೆಯ ವಯಸ್ಸಿಗೆ ಅವನ ಸೊಂಟವು ಕುಸಿದರೆ ಅದು ಯಾವ ಅಪಘಾತದ ಪುಸ್ತಕದಲ್ಲಿಯೂ ಬರುವುದಿಲ್ಲ; ಅವನು ಕೆಲಸಕ್ಕೆ ಬಾರದೆ ಹೋಗುತ್ತಾನೆ, ಅಷ್ಟೆ. ಇಲ್ಲಿ ತಕ್ಕ ಸೂಚಕವೆಂದರೆ, 50 ಕಿಲೋಗ್ರಾಮಿನೊಳಗಿನ ಚೀಲಗಳು ಒಟ್ಟು ಚೀಲಗಳಲ್ಲಿ ಎಷ್ಟು ಪಾಲು ಎಂಬುದು. ಆದರೆ ಚೀಲ ಚಿಕ್ಕದಾದರೆ ಎತ್ತುವ ಸಲಗಳು ಹೆಚ್ಚುತ್ತವೆ; ಒಟ್ಟು ಭಾರವು ತಗ್ಗುವುದಿಲ್ಲ. ಆದಕಾರಣ ಸಾಗಣೆಯ ಪಟ್ಟಾದಿಂದಲೋ ಕೈಗಾಡಿಯಿಂದಲೋ ಸಾಗಿಸಿದ ಚೀಲಗಳ ಪಾಲನ್ನೂ ಜೊತೆಗೆ ಬರೆಯಬೇಕು. ಎರಡು ಅಂಕೆಗಳೂ ಒಟ್ಟಿಗೆ ಏರಿದರೆ ಮಾತ್ರ ಬೆನ್ನಿಗೆ ನಿಜವಾದ ಬಿಡುವು.

ಧೂಳು: ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಉಮಿಯು. ಉರಿದ ಉಮಿಯ ಬೂದಿಯಲ್ಲಿ ಬಹುಭಾಗವು ಸಿಲಿಕವೆಂಬ ಮರಳಿನ ಜಾತಿಯ ಪದಾರ್ಥ. ಅದು ಹೆಚ್ಚಿನ ಶಾಖದಲ್ಲಿ ಹರಳುಗಟ್ಟಿದಾಗ ಅದರ ಸೂಕ್ಷ್ಮ ಪುಡಿಯು ಶ್ವಾಸಕೋಶಕ್ಕೆ ಬಹಳ ಕೆಟ್ಟದು. ಧಾನ್ಯದ ಧೂಳು ಗಾಳಿಯಲ್ಲಿ ದಟ್ಟವಾಗಿ ಬೆರೆತಾಗ ಕಿಡಿ ತಗುಲಿದರೆ ಸ್ಫೋಟಿಸುವುದೂ ಉಂಟು. ಅಮೆರಿಕದ ವೆಸ್ಟ್‌ವೀಗೊ ಎಂಬಲ್ಲಿನ ಧಾನ್ಯದ ಉಗ್ರಾಣದಲ್ಲಿ 1977ರ ಡಿಸೆಂಬರ್ 22ರಂದು ಹೀಗಾಗಿ 36 ಜನರು ಸತ್ತರು. ಆ ಕಾಲದ ಅನಾಹುತಗಳ ತರುವಾಯ 1987ರಲ್ಲಿ ಅಲ್ಲಿ ಮಾಡಿದ ನಿಯಮವು ಅತ್ಯಂತ ಸರಳವಾದ ಅಳತೆಯೊಂದನ್ನು ಕೊಟ್ಟಿದೆ: ಧಾನ್ಯದ ಉಗ್ರಾಣಗಳ ಮುಖ್ಯ ಜಾಗಗಳಲ್ಲಿ ಕೂತ ಧೂಳು ಇಂಚಿನ ಎಂಟನೆಯ ಒಂದು ಪಾಲು, ಎಂದರೆ ಸುಮಾರು 3 ಮಿಲಿಮೀಟರು ಮೀರಿದ ಕೂಡಲೇ ತೆಗೆಯತಕ್ಕದ್ದು. ಅಳೆಯಲು ಶಾಲೆಯ ಹುಡುಗನ ಅಡ್ಡಪಟ್ಟಿಯೊಂದು ಸಾಕು. ಹತ್ತು ಜಾಗಗಳನ್ನು ಗೊತ್ತುಮಾಡಿ ವಾರವಾರವೂ ಅಳೆದು, ಮೇರೆ ಮೀರಿದ ಜಾಗಗಳೆಷ್ಟೆಂದು ಬರೆಯಬಹುದು.

ಬಾಯ್ಲರು: ಭತ್ತವನ್ನು ಹಬೆಯಲ್ಲಿ ಬೇಯಿಸುವ ಗಿರಣಿಗಳಲ್ಲಿ, ಅರ್ಹತಾಪತ್ರವುಳ್ಳವನು ಬಾಯ್ಲರಿನ ಬಳಿ ಇದ್ದ ಪಾಳಿಗಳೆಷ್ಟು, ನೀರಿನ ಮಟ್ಟ ತೋರಿಸುವ ಗಾಜನ್ನು ತೊಳೆದು ಪರೀಕ್ಷಿಸಿದ ಪಾಳಿಗಳೆಷ್ಟು ಎಂಬ ಎರಡು ಅಂಕೆಗಳು ಮುಖ್ಯ. ತಿಂಗಳಲ್ಲಿ 60 ಪಾಳಿಗಳಿದ್ದು 52ರಲ್ಲಿ ಮಾತ್ರ ಪರೀಕ್ಷೆಯಾಗಿದ್ದರೆ, ಉಳಿದ ಎಂಟು ಪಾಳಿಗಳಲ್ಲಿ ಬಾಯ್ಲರು ದೇವರ ದಯೆಯಿಂದ ನಡೆಯಿತೆಂದೇ ತಿಳಿಯಬೇಕು. ಸರ್ಕಾರದ ಪರೀಕ್ಷಕರು ವರ್ಷಕ್ಕೊಮ್ಮೆ ನೋಡುವುದು ಈ ದಿನನಿತ್ಯದ ಪರೀಕ್ಷೆಗೆ ಬದಲಾಗಲಾರದು.

ಹೊಸಬರು: ಕೆಲಸಕ್ಕೆ ಸೇರಿದ ಮೊದಲ ವಾರಗಳು ಎಲ್ಲ ಕಸುಬುಗಳಲ್ಲಿಯೂ ಅಪಾಯದ ಕಾಲವು. ತಿಂಗಳಲ್ಲಿ ಹೊಸದಾಗಿ ಬಂದವರಲ್ಲಿ, ಯಂತ್ರದ ಬಳಿಗೆ ಹೋಗುವ ಮುಂಚೆ ತಮಗೆ ತಿಳಿಯುವ ಭಾಷೆಯಲ್ಲಿ ಬುದ್ಧಿವಾದ ಕೇಳಿ, ಯಂತ್ರವನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ತಾವೇ ಕೈಯಿಟ್ಟು ತೋರಿಸಿದವರು ಎಷ್ಟು ಮಂದಿ? ಕನ್ನಡ ಬಾರದವನಿಂದ ಕನ್ನಡದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡುದನ್ನು ಇದರಲ್ಲಿ ಸೇರಿಸಕೂಡದು.

ಗದ್ದೆಯ ಕೆಲಸ

ಗಿರಣಿಯ ಅಪಾಯವು ಕಣ್ಣಿಗೆ ಕಾಣುತ್ತದೆ. ಗದ್ದೆಯಲ್ಲಿ ಔಷಧ ಹೊಡೆಯುವ ಅಪಾಯವು ಕಾಣುವುದಿಲ್ಲ. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ 2017ರ ಹತ್ತಿಯ ಕಾಲದಲ್ಲಿ ಸಿಂಪರಣೆಯ ವಿಷ ತಗುಲಿ ನೂರಾರು ಜನರು ಆಸ್ಪತ್ರೆ ಸೇರಿದರು, ಅನೇಕರು ಸತ್ತರು. ಭತ್ತದ ಸೀಮೆಯವರೂ ಇದನ್ನು ಮರೆಯಬಾರದು.

ಇಲ್ಲಿಯೂ ಸತ್ತವರ ಎಣಿಕೆಗೆ ಕಾಯದೆ ಎಣಿಸಬಹುದಾದ ಗುರುತುಗಳಿವೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಮೇಲಿನ ತ್ರಿಕೋಣದ ಬಣ್ಣವು ವಿಷದ ಉಗ್ರತೆಯನ್ನು ತಿಳಿಸುತ್ತದೆ: ಕೆಂಪು ಅತ್ಯುಗ್ರ, ಹಳದಿ ಉಗ್ರ, ನೀಲಿ ಮಧ್ಯಮ, ಹಸಿರು ಸ್ವಲ್ಪ. ಒಂದು ಊರಿನಲ್ಲಿ ಒಂದು ಬೆಳೆಗೆ ಆದ ಒಟ್ಟು ಸಿಂಪರಣೆಗಳಲ್ಲಿ ಕೆಂಪು ಹಳದಿ ತ್ರಿಕೋಣದವು ಎಷ್ಟು ಪಾಲೆಂಬುದು ಅತ್ಯುತ್ತಮವಾದ ಸೂಚಕ; ಏಕೆಂದರೆ ಅದು ಅಪಾಯದ ಬೇರನ್ನೇ ಅಳೆಯುತ್ತದೆ. ಸೋರುವ ಪಂಪುಗಳೆಷ್ಟು, ಮಾರಾಟವಾದ ಡಬ್ಬಿಗಳಲ್ಲಿ ತೊಳೆದು ತೂತುಮಾಡಿ ಸುರಕ್ಷಿತವಾಗಿ ವಿಲೇವಾರಿಯಾದವೆಷ್ಟು ಎಂಬುವೂ ಒಳ್ಳೆಯ ಅಂಕೆಗಳು. ಕಾಲುವೆಯ ಪಕ್ಕದಲ್ಲಿ ಬಿದ್ದ ಖಾಲಿ ಡಬ್ಬಿಯು ಸುಳ್ಳು ಹೇಳುವುದಿಲ್ಲ.

ಕೂಲಿಗಾಗಿ ದಿನವೂ ಔಷಧ ಹೊಡೆಯುವವರಿಗೆ ರಕ್ತಪರೀಕ್ಷೆಯೂ ಒಂದು ಮುನ್ಸೂಚಕವು. ಆರ್ಗನೋಫಾಸ್ಫೇಟು ಮತ್ತು ಕಾರ್ಬಮೇಟು ಜಾತಿಯ ವಿಷಗಳು ರಕ್ತದಲ್ಲಿರುವ ಕೋಲಿನೆಸ್ಟರೇಸ್ ಎಂಬ ಪದಾರ್ಥದ ಶಕ್ತಿಯನ್ನು ಕುಗ್ಗಿಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಮುಂಚೆ ಪರೀಕ್ಷಿಸಿದ ಮಟ್ಟವನ್ನು ಮೂಲವಾಗಿಟ್ಟುಕೊಂಡು, ಅದು ಶೇಕಡ 80ಕ್ಕಿಂತ ಕೆಳಗಿಳಿದರೆ ಕೆಲಸದ ಕ್ರಮವನ್ನು ಪರಿಶೀಲಿಸತಕ್ಕದ್ದೆಂದೂ, ಕೆಂಪು ರಕ್ತಕಣಗಳಲ್ಲಿ ಶೇಕಡ 70ಕ್ಕೆ ಇಳಿದರೆ ಆ ಕೆಲಸದಿಂದ ಬಿಡಿಸತಕ್ಕದ್ದೆಂದೂ ನಿಯಮವಿದೆ. ಮನುಷ್ಯನು ನೆಲಕ್ಕೆ ಬೀಳುವುದಕ್ಕೆ ಮೊದಲೇ ದೊರೆಯುವ ಎಚ್ಚರಿಕೆಯಿದು. ಬೇರೆ ಜಾತಿಯ ಔಷಧಗಳಿಗೆ ಈ ಪರೀಕ್ಷೆಯು ಉಪಯೋಗವಾಗುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಅಂಕೆ ಏರಿದಾಗ ಹೆದರಬಾರದು

ಲೆಕ್ಕವನ್ನು ಇಡಲಾರಂಭಿಸಿದ ಮೊದಲ ತಿಂಗಳುಗಳಲ್ಲಿ ಸಣ್ಣ ಗಾಯಗಳೂ, ತಪ್ಪಿಹೋದ ಅಪಾಯಗಳೂ ಹೆಚ್ಚಿದಂತೆ ತೋರುವುದು ಸಹಜ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಗೊತ್ತುಮಾಡಿತು. ಇಂಥ ಆಜ್ಞೆಯಾದ ಮೇಲೆ ಪುಸ್ತಕದಲ್ಲಿ ಕಡಿತಗಳ ಸಂಖ್ಯೆ ಏರಿದರೆ, ಹಾವುಗಳು ಹೆಚ್ಚಿದುವೆಂದು ಅರ್ಥವಲ್ಲ. ಮರೆಯಾಗಿದ್ದುದು ಬೆಳಕಿಗೆ ಬಂದಿತೆಂದು ಅರ್ಥ. ಗಿರಣಿಯಲ್ಲಿಯೂ ತಪ್ಪಿಹೋದ ಅಪಾಯಗಳ ವರದಿಯು ಮೊದಲು ಏರುವುದು ಶುಭಸೂಚನೆಯೇ. ಅಲ್ಲಿ ನೋಡಬೇಕಾದ ಅಂಕೆಯು ವರದಿಗಳೆಷ್ಟೆಂಬುದಲ್ಲ, ವರದಿಯಾದವುಗಳಲ್ಲಿ ಏಳು ದಿನಗಳೊಳಗೆ ಸರಿಪಡಿಸಿದವು ಎಷ್ಟೆಂಬುದು. ಹೇಳಿದುದು ಸರಿಹೋಗುವುದನ್ನು ಕಂಡ ಕೆಲಸಗಾರನು ಮತ್ತೊಮ್ಮೆ ಹೇಳುತ್ತಾನೆ. ಕಾಣದಿದ್ದರೆ ಬಾಯಿ ಮುಚ್ಚುತ್ತಾನೆ.

ಪುಸ್ತಕವನ್ನು ಇಡುವ ಕ್ರಮ

ಇದಕ್ಕೆ ಒಂದು ನೋಟುಬುಕ್ಕು ಸಾಕು. ತಿಂಗಳಿಗೊಂದು ಪುಟ, ಪುಟಕ್ಕೆ ಆರು ಸಾಲು. ಕಾಪು ಇರುವ ಜಾಗಗಳು, ಬೀಗ ಹಾಕಿ ಮಾಡಿದ ದುರಸ್ತಿಗಳು, ಸರಿಯಾದ ನಿಟ್ಟುಗಳು, ಧೂಳಿನ ಮೇರೆಯೊಳಗಿರುವ ಜಾಗಗಳು, ಬಾಯ್ಲರು ಪರೀಕ್ಷೆಯಾದ ಪಾಳಿಗಳು, ವಾರದೊಳಗೆ ಸರಿಪಡಿಸಿದ ದೋಷಗಳು. ಪ್ರತಿಯೊಂದನ್ನೂ “ಇಷ್ಟರಲ್ಲಿ ಇಷ್ಟು” ಎಂದೇ ಬರೆಯಬೇಕು. ಶೇಕಡ ಲೆಕ್ಕವನ್ನು ಮಾತ್ರ ಬರೆದರೆ ಮೂಲವು ಮರೆಯಾಗುತ್ತದೆ. ಸುತ್ತಿ ನೋಡುವ ದಿನವನ್ನು ಮುಂಚಿತವಾಗಿ ಸಾರದೆ ಚೀಟಿ ಎತ್ತಿ ಗೊತ್ತುಮಾಡಬೇಕು. ನೋಡಲು ಮಾಲೀಕರ ಕಡೆಯವನೊಬ್ಬನೂ ಹಮಾಲರ ಕಡೆಯವನೊಬ್ಬನೂ ಕೂಡಿ ಹೋಗಬೇಕು. ಪ್ರತಿ ಸಾಲಿನ ಮುಂದೆಯೂ ಸರಿಪಡಿಸತಕ್ಕವರ ಹೆಸರು ಮತ್ತು ತಾರೀಖು ಇರಬೇಕು. ಇವೆರಡಿಲ್ಲದ ಅಂಕೆಯು ಗೋಡೆಯ ಮೇಲಿನ ಅಲಂಕಾರವಷ್ಟೆ. ವರ್ಷಕ್ಕೊಮ್ಮೆ ಸೂಚಕಗಳನ್ನೇ ಪರೀಕ್ಷಿಸಿ, ಸತತವಾಗಿ ನೂರಕ್ಕೆ ನೂರು ಬರುತ್ತಿರುವುದನ್ನು ಬಿಟ್ಟು, ಹೊಸದಾಗಿ ಕಂಡ ಅಪಾಯಕ್ಕೆ ಹೊಸ ಸೂಚಕವನ್ನು ಆರಿಸಬೇಕು.

ಗಾಯಗಳ ಎಣಿಕೆಯನ್ನು ಬಿಡತಕ್ಕದ್ದೆಂದು ಇದರ ಅರ್ಥವಲ್ಲ. ಒಂದು ಗಿರಣಿಗೆ ಅರ್ಥವಿಲ್ಲದ ಆ ಅಂಕೆಯು ಹಲವು ಗಿರಣಿಗಳು ಕೂಡಿದಾಗ ಅರ್ಥವನ್ನು ಪಡೆಯುತ್ತದೆ. ಮೇಲೆ ಹೇಳಿದಂಥ 40 ಗಿರಣಿಗಳು ತಮ್ಮ ಲೆಕ್ಕಗಳನ್ನು ಒಂದುಗೂಡಿಸಿದರೆ ವರ್ಷಕ್ಕೆ 28,80,000 ಗಂಟೆಗಳ ಕೆಲಸವಾಗುತ್ತದೆ. ಗಿರಣಿಗೆ ಎರಡು ವರ್ಷಕ್ಕೊಂದರಂತೆ ವರ್ಷಕ್ಕೆ ಸುಮಾರು 20 ಗಾಯಗಳು. ಅದು ಹತ್ತಕ್ಕೆ ಇಳಿದು ಕೆಲವು ವರ್ಷ ಅಲ್ಲಿಯೇ ನಿಂತರೆ ಸುಧಾರಣೆಯಾಯಿತೆಂದು ಧೈರ್ಯವಾಗಿ ಹೇಳಬಹುದು. ಗಿರಣಿಗಳ ಮಾಲೀಕರ ಸಂಘವೂ ಹಮಾಲರ ಸಂಘವೂ ಕೂಡಿ, ಯಾವ ಗಿರಣಿಯ ಹೆಸರನ್ನೂ ಹೇಳದೆ ಇಂಥ ಒಟ್ಟು ಲೆಕ್ಕವನ್ನು ಇಡಬಹುದಾಗಿದೆ. ಆದರೆ ಬಾಗಿಲೊಳಗೆ ಬಂದು ದುಡಿದ ಪ್ರತಿಯೊಬ್ಬನೂ ಅದರಲ್ಲಿ ಸೇರಿರಬೇಕು.

ಕಾನೂನು

ಹಿಂದೆ 1948ರ ಕಾರ್ಖಾನೆಗಳ ಅಧಿನಿಯಮದಲ್ಲಿದ್ದ ವಿಷಯಗಳು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಸೇರಿವೆ. ಬಾಯ್ಲರುಗಳ ವಿಷಯದಲ್ಲಿ 1923ರ ಅಧಿನಿಯಮದ ಸ್ಥಾನಕ್ಕೆ 2025ರ ಹೊಸ ಅಧಿನಿಯಮವು ಬಂದಿದೆ. ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆಯೆನಿಸಿಕೊಳ್ಳಲು ಹಿಂದೆ 10 ಕೆಲಸಗಾರರಿದ್ದರೆ ಸಾಕಾಗಿತ್ತು. ಈಗ 20 ಜನರು ಬೇಕು. ಆದಕಾರಣ ಸಣ್ಣ ಗಿರಣಿಗಳು ತಮ್ಮ ಕ್ಷೇಮವನ್ನು ತಾವೇ ಅಳೆದುಕೊಳ್ಳಬೇಕಾದ ಅಗತ್ಯವು ಮೊದಲಿಗಿಂತ ಹೆಚ್ಚಾಗಿದೆ. ಇದಲ್ಲದೆ ಕಾನೂನಿನ ಪ್ರಕಾರ ವರದಿ ಮಾಡತಕ್ಕದ್ದು ಮರಣವನ್ನೂ, 48 ಗಂಟೆಗಳು ಅಥವಾ ಹೆಚ್ಚು ಕಾಲ ಕೆಲಸ ತಪ್ಪಿಸುವ ದೇಹಹಾನಿಯಂಥ ದೊಡ್ಡ ಸಂಗತಿಗಳನ್ನೂ. ಅದಕ್ಕಿಂತ ಚಿಕ್ಕದಾದುದೆಲ್ಲವೂ ಗಿರಣಿಯ ಸ್ವಂತ ಪುಸ್ತಕದಲ್ಲಿಯೇ ಉಳಿಯಬೇಕಾದುದು. ಆ ಪುಸ್ತಕವೇ ಇಲ್ಲದಿದ್ದರೆ ಅದು ಎಲ್ಲಿಯೂ ಉಳಿಯುವುದಿಲ್ಲ.

ಈ ಕ್ರಮಕ್ಕೆ ತಗಲುವ ವೆಚ್ಚವು ಒಂದು ಪುಸ್ತಕ, ಒಂದು ಅಡ್ಡಪಟ್ಟಿ, ನಾಲ್ಕು ಬೀಗ, ವಾರಕ್ಕೆ ಒಂದು ಗಂಟೆಯ ಹೊತ್ತು. ಕಾಪುಗಳಿಗೂ ಸಾಗಣೆಯ ಪಟ್ಟಾಗಳಿಗೂ ಹಣ ಬೇಕಾಗುವುದು ನಿಜ. ಆದರೆ ಯಾವುದಕ್ಕೆ ಮೊದಲು ಹಣ ಹಾಕಬೇಕೆಂಬುದನ್ನು ಈ ಪುಸ್ತಕವೇ ತೋರಿಸಿಕೊಡುತ್ತದೆ. ಭತ್ತದ ತೇವವನ್ನು ಶೇಕಡ ಅರೆಪಾಲಿನವರೆಗೆ ಅಳೆಯಬಲ್ಲ ಗಿರಣಿಗಳಿಗೆ ಧೂಳಿನ ದಪ್ಪವನ್ನು ಅಳೆಯುವುದು ಕಷ್ಟವಲ್ಲ. ಮುಂಬರುವ ಸುಗ್ಗಿಗೆ ಯಂತ್ರಗಳನ್ನು ಅಣಿಮಾಡುವಾಗಲೇ ಕಾಪು ಬೇಕಾದ ಜಾಗಗಳಿಗೆ ಸಂಖ್ಯೆಯನ್ನು ಬರೆದು, ಪುಸ್ತಕದ ಮೊದಲನೆಯ ಪುಟವನ್ನು ಆರಂಭಿಸುವುದು ಕಾರಟಗಿಯ ಗಿರಣಿಗಳ ಮಾಲೀಕರಿಗೂ ಕೆಲಸಗಾರರಿಗೂ ಸಮಾನವಾಗಿ ಶ್ರೇಯಸ್ಕರವೆಂಬುದರಲ್ಲಿ ಸಂದೇಹವಿಲ್ಲ.